ಒಪ್ಪೋಲೆ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ಹತ್ತರಲ್ಲಿ
ಖರ್ಜೂರದ ಡಬ್ಬಿಗೆ ಚೀಟಿ ಅಚ್ಚುಹಾಕುವ ಪ್ರೆಸ್ಸು.
ನಾನೀಗ ಅಲ್ಲಿ ಕರಡು ತಿದ್ದುವವ, ಲಿಂಗಪ್ಪಣ್ಣ.
ತೂಕ ಸರಿಯುಂಟಾ, ತಯಾರಾದ ದಿನ ಸರಿಯುಂಟಾ,
ಇಂಥ ದಿನದೊಳಗೆ ತಿಂದು ಮುಗಿಸಿ ಎಂಬುದು ಸರಿಯುಂಟಾ.
ಸುಳ್ಳು ಅಚ್ಚಾದರೆ ಇಲ್ಲಿ ದಂಡ ಬೀಳುತ್ತದೆ.
ನಮಗೆ ಬೀಳಲಿಲ್ಲ, ಯಾವತ್ತೂ.

ನೆನಪುಂಟಾ, ಬೀಡಿ ಯೂನಿಯನ್ ಆಫೀಸಿನ ಅಟ್ಟ,
ಸೀಮೆಎಣ್ಣೆ ನಾತದ ಶಾಯಿ, ನಿಮ್ಮ ಕೆಮ್ಮು,
ನಾನು ಕನ್ನಡಕ್ಕಿಳಿಸಿದ ಆ ಮೂವತ್ತೆರಡು ಪುಟ?
ಹನ್ನೊಂದನೇ ಪುಟ, ಮೇಲಿಂದ ನಾಲ್ಕನೇ ಸಾಲು:
'ಆ ನೆಲದಲ್ಲಿ ಹಸಿವೆಂಬ ಪದಕ್ಕೇ ಕೆಲಸವಿಲ್ಲ.'
ಮೂಲದಲ್ಲಿದ್ದದ್ದು ಹಸಿವಿಲ್ಲ ಎಂದಷ್ಟೆ.
ಉಳಿದ ಬೆಡಗು ನನ್ನದು.
ನೀವು ಬೆನ್ನು ತಟ್ಟಿದಿರಿ. ಗುಲಾಬಿಯಕ್ಕ ಅದನ್ನು ಬಾಯಿಪಾಠ ಮಾಡಿ
ಎಲೆ ಕತ್ತರಿಸುತ್ತ ಮಗಳಿಗೆ ಹೇಳಿಕೊಡುತ್ತಿದ್ದಳು.

ಇಲ್ಲಿ ಲೆಕ್ಕ ಬರೆಯುವವಳು ಸೌಲೆ, ಕಝಾಕ್ ಹೆಂಗಸು.
ಊಟದ ಮೇಜಿನಲ್ಲಿ ರೊಟ್ಟಿಯ ಪುಡಿ ಬಿದ್ದರೆ
ಬೆರಳು ಒದ್ದೆ ಮಾಡಿ ಒತ್ತಿ ಒತ್ತಿ ತೆಗೆಯುತ್ತಾಳೆ.
ಯಾಕೆ ಎಂದೆ. ಅಜ್ಜಿ ಹೀಗೆ ಮಾಡುತ್ತಿದ್ದಳು, ಎಂದಳು.
ಕುರಿಗಳನ್ನೆಲ್ಲ ಎಣಿಸಿ ಹೊಡೆದುಕೊಂಡು ಹೋದರಂತೆ,
ರಸೀದಿ ಕೊಟ್ಟರಂತೆ, ಸಹಿ ಸಮೇತ.
ಅಜ್ಜಿಯ ಒಡಹುಟ್ಟಿದವರು ಆರು ಜನ.
ಚಳಿಗಾಲ ದಾಟಿದ್ದು ಅಜ್ಜಿ ಒಬ್ಬಳೇ.
ಇಷ್ಟು ಹೇಳಿ ಡಬ್ಬಿ ಮುಚ್ಚಿ
ಬಾಕಿ ಬಿಲ್ಲು ಕೇಳಿದಳು.

ನನಗೆ ಗೊತ್ತಿರಲಿಲ್ಲ ಎಂದು ಬರೆದರೆ
ಅದು ಇನ್ನೊಂದು ಅಚ್ಚಿನ ತಪ್ಪು.
ಗೊತ್ತಿತ್ತು. ಯಾರೋ ಕೊಟ್ಟ ಪುಸ್ತಕವನ್ನು
ಶತ್ರುವಿನ ಕೈವಾಡ ಎಂದು ಚಾಪೆಯಡಿ ತಳ್ಳಿ
ಅದರ ಮೇಲೆ ಮಲಗಿದ್ದೆ, ಸುಖವಾಗಿ.

ದಿರ್ಹಮ್ಮಿಗೆ ಮಾರಿಕೊಂಡ ಎಂದಿರಂತೆ ಸಭೆಯಲ್ಲಿ.
ಧಣಿಯ ಕಪಾಟಿನಲ್ಲಿ ನಲವತ್ತು ಪಾಸ್‌ಪೋರ್ಟುಂಟು,
ನನ್ನದು ಕೆಳಗಿನ ಖಾನೆಯಲ್ಲಿ.
ಅವನ ಕ್ಯಾಂಪಿನ ನೀರು ಉಪ್ಪು, ಒಂದು ಕಕ್ಕಸಿಗೆ ಇಪ್ಪತ್ತು ಜನ.
ಅವನನ್ನು ಹೊಗಳಿ ಒಂದಕ್ಷರ ಬರೆದವನಲ್ಲ ನಾನು.
ಆದರೆ ಈ ಉಪ್ಪುನೀರು ತೋರಿಸಿ
ಆ ಆರು ಜನರನ್ನು ಮುಚ್ಚಲಾರೆ ಇನ್ನು.
ನೀವೂ ನಾನೂ ಮಾಡಿದ್ದು ಅದೇ ತಾನೆ:
ಒಂದು ಹಸಿವನ್ನು ಇನ್ನೊಂದು ಹಸಿವಿನಿಂದ ಒರಸುವುದು.

ಇದರ ಜೊತೆ ಬೆರಳಗಲದ ಒಂದು ಚೀಟಿ ಇಟ್ಟಿದ್ದೇನೆ.
ಪುಟ ಹನ್ನೊಂದು, ಸಾಲು ನಾಲ್ಕು.
'ತಪ್ಪು' ಎಂಬಲ್ಲಿ ಆ ಸಾಲು ಇಡಿಯಾಗಿ.
'ಒಪ್ಪು' ಎಂಬಲ್ಲಿ ಮೂರು ದಿನದಿಂದ ಖಾಲಿ.
ನಿಮಗೆ ಬೇಡದಿದ್ದರೆ ಎಸೆಯಿರಿ, ಬೇಸರವಿಲ್ಲ.
ಗುಲಾಬಿಯಕ್ಕನ ಮಗಳು ಈಗ ಎಲ್ಲಿದ್ದಾಳೆ?
ವಿಳಾಸ ಸಿಕ್ಕಿದರೆ ಕಳಿಸಿ.