ಮಾತು ಕೇಳದ ಹುಡುಗ

ಕೋರ್ಟು ಕಟ್ಟಡದ ಎರಡನೇ ಮಹಡಿ.
ಕೆಳಗೆ ಮದುವೆಯ ಪರವಾನಗಿ, ಟ್ರಾಕ್ಟರಿನ ದಂಡ,
ಮೇಲೆ ನಾವು, ಪ್ರಾದೇಶಿಕ ಶಿಕ್ಷಣ ಕಚೇರಿ.
ನಾಲ್ಕು ಕೌಂಟಿ, ಮೂವತ್ತೊಂಬತ್ತು ಶಾಲೆ,
ಕಿವಿ ಅಳೆಯುವ ಯಂತ್ರ ಒಂದೇ ಒಂದು.
ಅದರ ಜೊತೆ ನಾನು.

ಲೊರೀನ್ ದಿನಾ ಬೆಳಿಗ್ಗೆ ನಕ್ಷೆಗೆ ಗುಂಡುಸೂಜಿ ಚುಚ್ಚುತ್ತಾಳೆ:
ಯಾವ ಶಾಲೆಯ ಬೆಂಕಿ ಬಾಗಿಲು ಬಿಗಿದುಕೊಂಡಿದೆ,
ಯಾವ ಬಸ್ಸಿನ ಡ್ರೈವರಿಗೆ ತರಬೇತಿ ಬಾಕಿ,
ಎಲ್ಲಿ ಬದಲಿ ಟೀಚರು ಬೇಕು,
ಯಾವ ಹುಡುಗಿ ಹನ್ನೊಂದು ದಿನದಿಂದ ಬಂದಿಲ್ಲ.
ನನ್ನದು ಹಳದಿ ಸೂಜಿ.
"ಇವತ್ತು ನದಿ ದಂಡೆ" ಅನ್ನುತ್ತಾಳೆ,
"ಸೇತುವೆ ಮೇಲೆ ಹಿಮ, ನಿಧಾನ."

ಇಲಿನಾಯ್, ಫೆಬ್ರವರಿ. ಕೊಯ್ದ ಜೋಳದ ಹೊಲ
ಕ್ಷೌರ ಅರ್ಧಕ್ಕೆ ಬಿಟ್ಟ ಗಲ್ಲದ ಹಾಗೆ,
ಬಿಳಿಯ ನಡುವೆ ಕೂಳೆ.
ಹಿಂದಿನ ಸೀಟಿನಲ್ಲಿ ಯಂತ್ರಕ್ಕೂ ಬೆಲ್ಟು ಕಟ್ಟಿದ್ದೇನೆ.
ಕೆಟ್ಟರೆ ರಿಪೇರಿಗೆ ಆರು ವಾರ,
ಆರು ವಾರ ಯಾರ ಕಿವಿಗೂ ಲೆಕ್ಕವಿಲ್ಲ.

ನನಗೆ ಕೊಟ್ಟದ್ದು ಜಿಮ್ಮಿನ ಹಿಂದಿನ ಉಗ್ರಾಣ,
ಚೆಂಡಿನ ಬಲೆ, ಕ್ರಿಸ್‌ಮಸ್ ನಾಟಕದ ರಟ್ಟಿನ ಕುರಿಗಳು.
ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ,
ಹೆಡ್‌ಫೋನು ಹಾಕಿದ್ದೇ ಪೈಲಟ್ಟುಗಳಾಗುತ್ತಾರೆ.
ಸದ್ದು ಕೇಳಿದರೆ ಕೈ ಎತ್ತು, ಅಷ್ಟೇ.
ಕೆಲವರು ಮುಗಿಲಿಗೆ ಎತ್ತುತ್ತಾರೆ, ಕೆಲವರು ಕಿರುಬೆರಳು ಮಾತ್ರ.
ಹಲ್ಲು ಬಿದ್ದವಳೊಬ್ಬಳು ಪ್ರತಿ ಸಲ
ಥ್ಯಾಂಕ್ಯೂ ಅಂದಳು, ಯಂತ್ರಕ್ಕೆ.

ಇಲುಂಗಾನ ಹಾಳೆ ಅವನಿಗಿಂತ ಮೊದಲೇ ಬಂದಿತ್ತು.
ಎರಡನೇ ತರಗತಿ. ಕಾಂಗೋದಿಂದ ಬಂದು ಹದಿನಾಲ್ಕು ತಿಂಗಳು.
ಅಪ್ಪ ಅಮ್ಮನಿಗೆ ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಇಂಗ್ಲಿಷ್ ಇನ್ನೂ ಹತ್ತಿಲ್ಲ ಎಂದು ಒಬ್ಬರು ಬರೆದಿದ್ದಾರೆ,
ಗಮನವಿಲ್ಲ ಎಂದು ಇನ್ನೊಬ್ಬರು.
ಕೊನೆಯ ಸಾಲಿಗೆ ಎರಡು ಅಡಿಗೆರೆ.
ಅದನ್ನು ನನ್ನ ಭಾಷೆಯಲ್ಲಿ ಓದಿಕೊಂಡೆ:
ಮಾತು ಕೇಳುವುದಿಲ್ಲ.

ಕಿವಿಗೆ ಬೀಳದಿದ್ದರೂ ಕೇಳಲಿಲ್ಲ,
ಎದುರು ನಿಂತರೂ ಕೇಳಲಿಲ್ಲ,
ನಮ್ಮಲ್ಲಿ ಎರಡಕ್ಕೂ ಒಂದೇ ಮಾತು, ಒಂದೇ ಪೆಟ್ಟು.
ಗಂಗಾವತಿಯ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಪಾರವ್ವನಿಗೆ
ಜಾಣ ಕಿವುಡು ಅನ್ನುತ್ತಿದ್ದರು,
ಕೇಳದ ಕಿವಿಯನ್ನೇ ಹಿಡಿದು ಹಿಂಡುತ್ತಿದ್ದರು.
ಐದನೇ ಕ್ಲಾಸಿಗೆ ಅವಳು ಬರಲಿಲ್ಲ.
ಯಾವ ನಕ್ಷೆಯಲ್ಲೂ ಅವಳಿಗೊಂದು ಸೂಜಿ ಇರಲಿಲ್ಲ.

ಕೂತ. ಯಂತ್ರ ನೋಡಲಿಲ್ಲ, ನನ್ನನ್ನೇ ನೋಡಿದ.
ಒಂದು ಸಾವಿರ ಹರ್ಟ್ಸ್, ಕೈ ಮೇಲೆ. ಎರಡು ಸಾವಿರ, ಮೇಲೆ.
ಪರವಾಗಿಲ್ಲವಲ್ಲ ಅಂದುಕೊಳ್ಳುವಷ್ಟರಲ್ಲಿ
ನನ್ನ ಬೆರಳಿಗೆ ಅನುಮಾನ ಬಂತು.
ಗುಂಡಿ ಒತ್ತಿದ ಹಾಗೆ ಮಾಡಿದೆ, ಒತ್ತಲಿಲ್ಲ.

ಕೈ ಎತ್ತಿದ.

ನನ್ನ ಹೆಗಲು ಓದುತ್ತಿದ್ದ ಹುಡುಗ,
ನನ್ನ ರೆಪ್ಪೆ, ನನ್ನ ಉಸಿರು.
ಹದಿನಾಲ್ಕು ತಿಂಗಳು ಇಡೀ ಊರನ್ನೇ ಹೀಗೆ ಓದಿದ್ದಾನೆ.
ಅವನಿಗೆ ಗಮನವಿಲ್ಲವಂತೆ.

ಕುರಿಗಳ ಕಡೆ ತಿರುಗಿ ಕೂರು ಅಂದೆ, ಸನ್ನೆಯಲ್ಲಿ.
ಬೆನ್ನು ನನಗೆ. ಒತ್ತಿದೆ. ಮತ್ತೆ ಒತ್ತಿದೆ.
ಎರಡೂ ಕೈ ತೊಡೆಯ ಮೇಲೆ,
ಹಿಮದಲ್ಲಿ ನಿಂತ ಕಾರಿನ ವೈಪರುಗಳ ಹಾಗೆ.

ಆಮೇಲಿನದು ಕಚೇರಿಯ ಕೆಲಸ, ಪದ್ಯಕ್ಕೆ ಒಗ್ಗದ್ದು.
ಎರಡು ವಾರಕ್ಕೆ ಮರುಪರೀಕ್ಷೆ. ಫ್ರೆಂಚಿನಲ್ಲಿ ಪತ್ರ.
ಲೊರೀನ್ ಹುಡುಕಿದ ದುಭಾಷಿ, ಪಾಳಿ ಬಿಡುವ ಬೆಳಗಿನ ಆರಕ್ಕೆ
ಕಾರ್ಖಾನೆಯ ಗೇಟಿನಲ್ಲಿ ಅಮ್ಮನ ಸಹಿ.
ಪಿಯೋರಿಯಾದ ಡಾಕ್ಟರು; ತಮಟೆಯ ಹಿಂದೆ ನಿಂತ ಅಂಟುನೀರು.
ನಮ್ಮ ಕಪಾಟಿನಿಂದ ಟೀಚರ ಕೊರಳಿಗೆ ಒಂದು ಮೈಕು, ಎರವಲು,
ರಸೀದಿ ಸಂಖ್ಯೆ ಇಪ್ಪತ್ತೇಳು.

ಏಪ್ರಿಲಿನಲ್ಲಿ ಅವನೇ ಉಗ್ರಾಣಕ್ಕೆ ಬಂದ,
ಯಾರೂ ಹೇಳದೆ ಬೆನ್ನು ಹಾಕಿ ಕೂತ.
ತಪ್ಪಿದ್ದು ಎರಡೇ.
ಎದ್ದವನು ಬಾಗಿಲಲ್ಲಿ ನಿಂತು ಬೆರಳು ತೋರಿಸಿದ,
ಮೇಲೆ, ಟ್ಯೂಬ್‌ಲೈಟಿನತ್ತ. ಅದು ಗುಂಯ್ ಅನ್ನುತ್ತಿತ್ತು,
ಎಷ್ಟೋ ವರ್ಷದಿಂದ ನಾನು ಕಿವಿಗೆ ಹಾಕಿಕೊಳ್ಳದ್ದು.
"ಇದು ಯಾವಾಗಲೂ ಹೀಗೇ ಕೂಗುತ್ತದಾ?"
ಅಂತ ಕೇಳಿದ.

ಕೇಳಿದ ಅಂತ ಬರೆದುಕೊಂಡೆ,
ಹಾಳೆಯ ಅಂಚಿನಲ್ಲಿ, ಕನ್ನಡದಲ್ಲೇ.
ಲೊರೀನ್ ಇದೇನೆಂದರೆ
ನನ್ನ ಸಹಿ ಅನ್ನುತ್ತೇನೆ.