ಎರಡನೇ ಸುತ್ತಿನ ಬಳಿಕ

ಕೋಟೆಯೊಳಗಿನ ಮಣ್ಣು ಚಿಟಿಕೆ ತಗೊಂಡು
ನಾಲಿಗಿ ಮ್ಯಾಲಿಟ್ಟು ಹೇಳ್ತಿದ್ರು ಅಬ್ಬಾ:
ಇದು ಕಪ್ಪು ಮಾಡ್ತದ, ಇದು ಮಾಡೂದಿಲ್ಲ.
ಬಿಸಿಲು ಮಳಿ ಕಾಣದ ಮಣ್ಣು.
ನವಸಾಗರ ಬೆರೆಸಿ ಕುದಿಸೂ ಮೊದಲೇ
ಹೂದಾನಿಯ ಹಣೆಬರಹ ಅವರ ಬಾಯಾಗ.

ಖಮರುನ್ನಿಸಾ ಆಪಾನ ರಕ್ತ
ಯಾರೂ ನೆಕ್ಕಿ ನೋಡಲಿಲ್ಲ.
ಮೂರು ಶೀಶೆ, ನೇರಳೆ ಮುಚ್ಚಳ, ಹಳದಿ ಮುಚ್ಚಳ,
ಎಲ್‌ಡಿಎಚ್ ಅಂತ ಒಂದು ಅಂಕಿ:
ಮೊದಲು ಒಂಬೈನೂರ ನಲವತ್ತು,
ಎರಡು ಸುತ್ತು ಕೀಮೋ ಆದಮ್ಯಾಲ ನಾನೂರ ಹತ್ತು.
"ಇಳಿದದ. ಆದ್ರ ರಕ್ತ ಒಂದರ ಸಾಕ್ಷಿ ಸಾಲದು,
ಚಿತ್ರನೂ ಮಾತಾಡಬೇಕು" ಅಂದ್ರು ಡಾಕ್ಟರ್ ನೀಲಾಂಬಿಕಾ.

ಬೀದರಿಂದ ನಸುಕಿನ ಬಸ್ಸು. ಹುಮನಾಬಾದ್ ದಾಟಿ
ಕಮಲಾಪುರದಾಗ ಕಿಟಕಿಗೆ ಬಂತು ಕೆಂಪು ಬಾಳೆಹಣ್ಣು.
ಆಪಾ ಉಪವಾಸ. ಮೂಸಿ ನೋಡಿದಳು ಅಷ್ಟೇ.
"ರೋಜಾದಾಗೂ ಇಷ್ಟು ಹಸಿವಿಲ್ಲೋ" ಅಂದಳು,
ಡಜನ್ ಕೊಂಡಳು, ನನ್ನ ದುಡ್ಡಿನಾಗ.

ಕಲಬುರಗಿಯಾಗ ಸೂಜಿಲೆ ಸಕ್ಕರಿ ಕೊಟ್ಟರು,
ಒಂದು ತಾಸು ಮಾತಾಡದಂಗ ಮಲಗು ಅಂದ್ರು.
ಮಾತಾಡದಂಗ! ನಮ್ಮ ಆಪಾ!
ರೋಗಕ್ಕ ಸಿಹಿ ಅಂದ್ರ ಜೀವಂತ,
ಎಲ್ಲಿ ಕುಂತು ತಿಂತದೋ ಅಲ್ಲಿ ಬೆಳಕಾಗ್ತದಂತ.

ಪರದೆ ಮ್ಯಾಲ ಕಂಡದ್ದು ನಮ್ಮ ಕಸುಬೇ.
ಕಪ್ಪು ತಳ, ಅದರಾಗ ಬೆಳ್ಳಿ.
ಕುತ್ತಿಗಿ ಹತ್ತಿರ ಒಂದು ಎಳಿ, ಎದಿಗೂಡಿನಾಗ ಬಳ್ಳಿ.
ಅದು ಹಳೇ ಚಿತ್ರ, ಔಷಧಕ್ಕಿಂತ ಮೊದಲಿನದು.
ಬೆಳ್ಳಿ ಉಳೀಲಿ, ತಳ ಕರ್ರಗಾಗಲಿ ಅಂತ
ಮೂವತ್ತು ವರ್ಷ ಉಜ್ಜಿದ ಕೈ ಇವು.
ಈಗ ಬೇಡಿದ್ದು ಉಲ್ಟಾ:
ಮಿದುಳು ಹೊಳೀಲಿ, ಅದು ಅದರ ಹಕ್ಕು,
ಬಳ್ಳಿ ಅಳಿಸಲಿ.
ಕಪ್ಪಾಗಲಿ, ಯಾ ಅಲ್ಲಾ, ಪೂರಾ ಕಪ್ಪಾಗಲಿ.

ಹೊಸ ಚಿತ್ರದಾಗ ಬಳ್ಳಿ ಇರಲಿಲ್ಲ.
ಕುತ್ತಿಗಿ ಬಳಿ ಒಂದು ಚುಕ್ಕಿ, ಮಂಕು.
ಡಾಕ್ಟರು ಅದನ್ನ ಯಕೃತ್ತಿನ ಹೊಳಪಿಗೆ ಹೋಲಿಸಿದ್ರು,
ಒರೆಗಲ್ಲಿಗೆ ತಿಕ್ಕಿ ನೋಡಿದಂಗ.
"ಅದಕ್ಕಿಂತ ಕಮ್ಮಿ ಅದ. ಇದೇ ಔಷಧ ನಡೀಲಿ."
ಗುಣ ಆಗ್ತದೇನ್ರಿ?
"ಆ ದಾರಿಯಾಗ ಅದ ಅನ್ನಬಹುದು."
ಅನ್ನಬಹುದು.

ಅಬ್ಬಾನ ನಾಲಿಗೀನೂ ಒಮ್ಮೊಮ್ಮೆ ತಪ್ಪಿದ್ದುಂಟು.
ಬೂದಿ ಬಣ್ಣಕ್ಕ ನಿಂತ ಒಂದು ಹೂದಾನಿ
ಇನ್ನೂ ಮನ್ಯಾಗ ಅದ,
ಆಪಾ ಅದರಾಗ ಪುದೀನಾ ಹಚ್ಯಾಳ.

ಹೊರಗ ಬಂದು ಕಟ್ಟಿ ಮ್ಯಾಲ ಕುಂತು
ನಾಕು ಹಣ್ಣು ತಿಂದಳು ಒಂದೇ ಸಮ.
ಇವತ್ತು ಮೊಮ್ಮಕ್ಕಳನ್ನ ಎತ್ಕೋಬ್ಯಾಡ ಅಂದಾರ.
ಸಿಪ್ಪಿ ನನ್ನ ಕೈಗಿಟ್ಟು
"ಹೊಳೀಲಿಕ್ಕತ್ತೀನೇನೋ?" ಅಂದಳು.
ಇಲ್ಲ ಆಪಾ, ಅಂದೆ.

ಇನ್ನೂ ನಾಕು ಸುತ್ತು.