ಆಪಾದನೆ

ಲಿಂಡಿಸ್ ಘಾಟಿಯ ಏರು ಇನ್ನೂ ಅರ್ಧ ಇತ್ತು,
ಮುಳ್ಳು ಕೆಂಪು ಗೆರೆ ದಾಟಿತು. ನಿಲ್ಲಿಸಿದೆ.

ಅರವತ್ತೆಂಟರ ಬೆಡ್‌ಫರ್ಡ್. ಒಂದು ಕಾಲಕ್ಕೆ ಶಾಲೆಯ ಬಸ್ಸು,
ಈಗ ನನ್ನ ಅಡುಗೆಮನೆ, ಹಾಸಿಗೆ, ವಿಳಾಸ.
ಇದರ ಎಂಜಿನ್ನು ಒಳಗೇ ಇದೆ,
ನನ್ನ ಮೊಣಕಾಲ ಪಕ್ಕ, ತಗಡಿನ ಮುಚ್ಚಳದಡಿ.
ಚಳಿಗಾಲದಲ್ಲಿ ಅದರ ಮೇಲೆ ಕಾಲುಚೀಲ ಒಣಗಿಸುತ್ತೇನೆ.

ಮುಚ್ಚಳ ಎತ್ತಿದೆ. ರೇಡಿಯೇಟರು, ಪಂಪು, ಕೊಳವೆ,
ಬೆರಳಾಡಿಸಿದಲ್ಲೆಲ್ಲ ಒಣ.
ಕೂಲೆಂಟು ಮಾತ್ರ ನಾಲ್ಕು ಲೀಟರು ಕಡಿಮೆ.
ಹೋಯಿತೆಲ್ಲಿಗೆ?

ಕುರಿಯ ಉಣ್ಣೆ ಕತ್ತರಿಸುವ ರಾವಿರಿ ಅದೇ ದಾರಿಯಲ್ಲಿ ಬಂದವನು
ಬಾಗಿಲಲ್ಲೇ ಮೂಗರಳಿಸಿದ:
"ಏನೋ ಸಿಹಿ ವಾಸನೆ. ಕೇಕು ಬೇಯಿಸ್ತಿದ್ದೀರಾ?"

ಹಿಂದಿನ ಮಂಚದಡಿ, ಹೀಟರಿಗೆ ಹೋಗುವ ಉದ್ದ ಕೊಳವೆ.
ಕ್ಲಿಪ್ಪು ತುಕ್ಕು ತಿಂದು ಬಾಯಿ ಬಿಟ್ಟಿತ್ತು.
ಹನಿ. ಹನಿ. ಹಸಿರು.

ಅದರ ಕೆಳಗೇ ಮಾಸ್‌ನ ಚಾಪೆ.

ಮೂರು ವಾರ ಬೈದಿದ್ದೇನೆ:
ಥೂ, ಹದಿಮೂರು ವರ್ಷದ ಮುದಿ ನಾಯಿ, ಮಲಗಿದಲ್ಲೇ ಉಚ್ಚೆ!
ಮೂರು ವಾರ ರಾತ್ರಿ ಚಕ್ರಕ್ಕೆ ಕಟ್ಟಿದ್ದೇನೆ,
ಮಂಜು ಗಡ್ಡೆಗಟ್ಟಿದ ರಾತ್ರಿಯೂ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಒಡೆದ ತುದಿ ನಾಲ್ಕು ಬೆರಳು ಕತ್ತರಿಸಿ,
ಹೊಸ ಕ್ಲಿಪ್ಪು ಬಿಗಿದು ರಾವಿರಿ ಹೊರಟ,
ಚಹವೂ ಬೇಡವೆಂದು.

ಹಸಿರನ್ನು ಮೂರು ಸಲ ಒರೆಸಿದೆ.
ನಾಯಿಗಳಿಗೆ ಅದು ವಿಷ, ಸಿಹಿಯಾದ ವಿಷ.
ಇವನು ಒಮ್ಮೆಯೂ ನೆಕ್ಕಿರಲಿಲ್ಲ.

ಹಗ್ಗ ಬಿಚ್ಚಿದೆ.
ಒಳಗೆ ಬಂದ. ಬೇರೆ ಚಾಪೆ ಹಾಸಿದ್ದೆ,
ಮೂಸಿ, ಬಳಸಿ ಮುಂದೆ ಹೋದ.
ಎರಡು ಸಲ ಜಾರಿ, ಮೂರನೆಯದಕ್ಕೆ
ಎಂಜಿನ್ನಿನ ಬೆಚ್ಚನೆ ಮುಚ್ಚಳ ಹತ್ತಿ
ನನ್ನ ಕಾಲುಚೀಲಗಳ ಮೇಲೆಯೇ ಮಲಗಿದ.

ಇಳಿ ಅನ್ನಲು
ನನಗೆಲ್ಲಿದೆ ಬಾಯಿ.